ಅಪ್ಪ ನೋಡಿದ ಡಬ್ಬಾ ಗಾಡಿಗಳು

ಹೋದ ತಿಂಗಳು ನನ್ನ ಮಗಳು ಕಾರು ಕೊಳ್ಳುವುದಕ್ಕೆ ಹೊರಟವಳು, ‘ನೀನೂ ಬಾಮ್ಮ, ಸುಮ್ಮನೆ ಮನೇಲಿ ಕೂತು ಏನ್ಮಾಡ್ತೀಯ’ ಅಂತ ನನ್ನನ್ನೂ ಹೆಬ್ಬಾಳದ ಹತ್ತಿರದ ಷೋರೂಮಿಗೆ ಕರೆದುಕೊಂಡು ಹೋದಳು. ಗಾಜಿನ ಮನೆಯೊಳಗೆ ಒಂದು ಪುಟ್ಟ ಚೌಕ ಗಾಡಿ ನಿಂತಿತ್ತು. ಹಿಂಭಾಗವನ್ನು ನೆಟ್ಟಗೆ ಕತ್ತರಿಸಿದ ಹಾಗೆ, ಬೆಂಕಿಪೊಟ್ಟಣಕ್ಕೆ ನಾಲ್ಕು ಚಕ್ರ ಕಟ್ಟಿದ ಹಾಗೆ. ಅದನ್ನು ಕಂಡಿದ್ದೇ ತಡ, ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಯಿತು. ಬೆರಳ ಗೆಣ್ಣು ಮಡಚಿ ಬಾಗಿಲಿನ ಮೇಲೆ ಟಕ್ ಟಕ್ ಟಕ್ ಅಂತ ಮೂರು ಸಲ ಬಡಿದೆ. ಕಿವಿ ಇಟ್ಟು ಕೇಳಿದೆ. ಇನ್ನೊಂದು ಮಗ್ಗುಲಿಗೆ ಹೋಗಿ ಅಲ್ಲೂ ಬಡಿದೆ.

ಟೈ ಕಟ್ಟಿದವರೊಬ್ಬರು ಓಡಿಬಂದು, ‘ಮೇಡಂ, ಬಾಗಿಲು ತೆಗೀಬೇಕಾ?’ ಅಂದರು.

‘ಅಮ್ಮಾ, ಅದು ಹಲಸಿನಹಣ್ಣಲ್ಲ ಕಣೇ’ ಅಂದಳು ಮಗಳು. ಹತ್ತೇ ನಿಮಿಷದಲ್ಲಿ ಬಣ್ಣ ಆರಿಸಿ, ಎಲ್ಲೋ ಒಂದು ಕಡೆ ಸಹಿ ಹಾಕಿ, ಎದ್ದೇಬಿಟ್ಟಳು. ಹತ್ತು ನಿಮಿಷ! ನಮ್ಮಪ್ಪ ಇಂಥದ್ದೇ ಒಂದು ಗಾಡಿ ತಗೊಳ್ಳಲಿಕ್ಕೆ ಮೂರು ವರ್ಷ ನೋಡಿದರು ಸ್ವಾಮೀ, ಮೂರು ವರ್ಷ. ಆ ಮೂರು ವರ್ಷ ನೆನೆಸಿಕೊಂಡರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ.

ಬಡಿದು ನೋಡುವ ಈ ಚಾಳಿ ಅವರಿಂದಲೇ ಬಂದದ್ದು. ಅಪ್ಪ ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ರೈಲಿನಲ್ಲಿ ಬಂದ ಡಬ್ಬ, ಪೆಟ್ಟಿಗೆ, ಪೀಪಾಯಿಗಳನ್ನೆಲ್ಲ ಒಂದೊಂದಾಗಿ ಬಡಿದು, ತಿರುಗಿಸಿ, ಮೂಸಿ ನೋಡಿ, ಒಡೆದದ್ದಕ್ಕೆ ಬಳಪದಲ್ಲಿ ಒಂದು ಕತ್ತರಿ ಗುರುತು ಹಾಕುವುದು ಅವರ ಕೆಲಸ. ಕೆಲಸ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದರೂ ತೆಂಗಿನಕಾಯಿ ಬಡಿಯುವರು, ಹೊಸ ಮಡಕೆ ಬಡಿಯುವರು, ಗೋಡೆ ಬಡಿಯುವರು. ನನಗೊಮ್ಮೆ ಕೆಮ್ಮು ಹಿಡಿದಾಗ ಬೆನ್ನಿನ ಮೇಲೆ ಬಡಿದು ಕೇಳಿ, ‘ಎಡಗಡೆ ಸ್ವಲ್ಪ ಟೊಳ್ಳು’ ಅಂದರು. ಬಳಪ ಜೇಬಿನಲ್ಲೇ ಇತ್ತು. ಗುರುತು ಹಾಕಲಿಲ್ಲ ಅನ್ನುವುದೊಂದೇ ಸಮಾಧಾನ.

ನಮ್ಮದು ಮತ್ತಿಕೆರೆ. ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಈಗ ಮನೆ ಮೇಲೆ ಮನೆ ಕಟ್ಟಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುತ್ತಾರಲ್ಲ, ಅಲ್ಲೆಲ್ಲ ಆಗ ರಾಗಿ ಹೊಲ. ಕೆರೆ ಏರಿ ಮೇಲೆ ನಿಂತರೆ ಯಶವಂತಪುರದ ರೈಲಿನ ಹೊಗೆ ಕಾಣುತ್ತಿತ್ತು. ಎಂಟನೇ ಕ್ಲಾಸಿನ ತನಕ ಓದಲಿಕ್ಕೆ ಹತ್ತಿರದಲ್ಲೇ ಮಿಡ್ಲ್ ಸ್ಕೂಲಿತ್ತು. ಅದರಾಚೆಗೆ ಓದಬೇಕೆಂದರೆ ಹೊಲದ ಬದು ಹಿಡಿದು, ರೈಲ್ವೆ ಗೇಟು ದಾಟಿ ಮಲ್ಲೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿಗೇ ಹೋಗಬೇಕು. ಗಂಡುಹುಡುಗರು ಅಲ್ಲೇ ತಮ್ಮ ಹೈಸ್ಕೂಲಿಗೆ ಹೋಗುತ್ತಿದ್ದರು. ನಮ್ಮೂರಿನಿಂದ ಒಂದು ಹೆಣ್ಣುಹುಡುಗಿಯೂ ಹೋಗಿರಲಿಲ್ಲ.

ನಮ್ಮಕ್ಕ ಸುಶೀಲ ಎಂಟನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೇ ಮೊದಲನೆಯವಳಾಗಿ ಪಾಸಾದಳು. ನಮ್ಮಮ್ಮ ರಾಜಾನುಕುಂಟೆ ಕಡೆಯ ರೈತರ ಮನೆಯವಳು, ಓದಿದವಳಲ್ಲ, ಆದರೆ ಹಟದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಅಪ್ಪನ ಎದುರು ನಿಂತು, ‘ಎಣ್ಣು ಓದಬೇಕು, ಅಷ್ಟೇಯ. ಎಂಗೆ ಕಳಿಸ್ತೀರೋ ನೀವೇ ನೋಡಿ’ ಅಂದಳು.

ಅಪ್ಪನಿಗೂ ಓದಿಸುವ ಆಸೆ ಇತ್ತು. ಆದರೆ ಹೊಲದ ನಡುವೆ ಹೆಣ್ಣುಮಗಳು ಒಬ್ಬಳೇ ನಡೆಯುವುದೆ? ಯಶವಂತಪುರದಿಂದ ಬಸ್ಸಿತ್ತು, ಆ ನೂಕುನುಗ್ಗಲಿನಲ್ಲಿ ಗಂಡಸರ ಮಧ್ಯೆ ನಿಲ್ಲುವುದೆ? ಬಹಳ ಯೋಚನೆ ಮಾಡಿ ಅಪ್ಪ ಹೇಳಿದರು: ‘ಒಂದು ವ್ಯಾಗನ್ ತಗೊಂಡುಬಿಡ್ತೀನಿ.’

ಅಮ್ಮ ಗಾಬರಿಯಾದಳು. ಅವಳಿಗೆ ಗೊತ್ತಿದ್ದ ವ್ಯಾಗನ್ ಅಂದರೆ ಗೂಡ್ಸ್ ರೈಲಿನದು. ‘ರೈಲು ಡಬ್ಬಿ ತಂದು ಎಲ್ಲಿ ನಿಲ್ಲಿಸ್ತೀರಿ? ತಿಪ್ಪೆ ಪಕ್ಕದಾಗಾ?’

‘ಅದಲ್ಲ ಕಣೇ. ಮೋಟಾರು. ಮುಂದೆ ಚಿಕ್ಕ ಇಂಜಿನ್ನು, ಹಿಂದೆ ಚೌಕ ಡಬ್ಬ. ಡಬ್ಬದೊಳಗೆ ಎದುರುಬದುರು ಎರಡು ಬೆಂಚು. ಆರು ಹುಡುಗೀರು ಆರಾಮವಾಗಿ ಕೂರಬಹುದು. ನಾನೇ ಓಡಿಸ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಷೆಡ್ಡಿಗೆ ಹೋಗೋಕೂ ಆಯ್ತು.’

ಅಪ್ಪ ಓಡಿಸುತ್ತಾರೆ ಅನ್ನುವುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. ಯುದ್ಧದ ಕಾಲದಲ್ಲಿ ಅವರು ಮಿಲಿಟರಿ ಲಾರಿ ಓಡಿಸಿದವರು ಅಂತ ಅಮ್ಮ ಊರಿಗೆಲ್ಲ ಹೇಳಿದ್ದಳು. ನೀರಿಗೆ ಹೋದ ಕಡೆ, ಮದುವೆಮನೆ ಕಡೆ, ಎಲ್ಲಿ ಗಂಡಂದಿರ ಮಾತು ಬಂದರೂ ಅಮ್ಮನ ಲಾರಿ ಹೊರಡುತ್ತಿತ್ತು.

ಮೊದಲನೇ ವರ್ಷ ಹೊಸ ಗಾಡಿಯದು. ಅಪ್ಪ ಪೇಟೆಗೆ ಹೋಗಿ ವಿಚಾರಿಸಿದರು. ಹೆಸರು ಬರೆಸಿ ಕಾಯಬೇಕು, ವರ್ಷಗಟ್ಟಲೆ ಆಗುತ್ತದೆ ಅಂದರಂತೆ ಅಂಗಡಿಯವರು. ಅಪ್ಪ ತುಂಬಾ ಬೇಸರದ ಮುಖ ಮಾಡಿಕೊಂಡು ಬಂದರು, ಆದರೆ ಅವತ್ತು ರಾತ್ರಿ ಎರಡು ಮುದ್ದೆ ಜಾಸ್ತಿ ಉಂಡರು. ಅದಕ್ಕೆ ಕಾರಣ ಆಗ ನಮಗೆ ಹೊಳೆಯಲಿಲ್ಲ. ಸುಶೀಲ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ಜೂನ್ ತಿಂಗಳು ಅವಳು ಹೊಲಿಗೆ ಕಲಿಯಲು ಕೂತಳು.

ಎರಡನೇ ವರ್ಷ ಹಳೇ ಗಾಡಿಗಳದು. ಇದಕ್ಕೆ ಅಪ್ಪ ಜೊತೆ ಮಾಡಿಕೊಂಡದ್ದು ಯಶವಂತಪುರದ ಮೆಕ್ಯಾನಿಕ್ ಬಷೀರ್ ಸಾಬರನ್ನು. ಭಾನುವಾರ ಬಂದರೆ ಅಪ್ಪ, ಬಷೀರ್ ಸಾಬರು, ಅವರ ಹಿಂದೆ ನಾನು. ನಾನೇಕೆಂದರೆ, ‘ಕೂರೋರು ಇವರು. ಇವರು ಕೂತು ನೋಡ್ಬೇಕು’ ಅಂತ ಅಪ್ಪನ ವಾದ. ಸುಶೀಲ ಬರುವುದಿಲ್ಲ ಅಂದಿದ್ದಳು. ಹೀಗಾಗಿ ಆರು ಹುಡುಗಿಯರ ಪರವಾಗಿ ಒಬ್ಬಳೇ ಕೂತು, ಎದ್ದು, ಮಗ್ಗುಲು ಬದಲಿಸಿ ಕೂತು ತೋರಿಸುವ ಕೆಲಸ ನನಗೆ ಬಿತ್ತು.

ಹೆಬ್ಬಾಳದಲ್ಲಿ ದ್ರಾಕ್ಷಿ ಬೆಳೆಯುವವರೊಬ್ಬರ ಹತ್ತಿರ ಒಂದು ವ್ಯಾಗನ್ ಇತ್ತು. ಹಿಂದಿನ ಬಾಗಿಲು ತೆಗೆದರೆ ಒಳಗಿಂದ ಹದಿನೈದು ಕೋಳಿ ಹಾರಿ ಹೊರಬಂದವು. ಆರು ತಿಂಗಳಿಂದ ಅದು ಕೋಳಿಗೂಡಾಗಿತ್ತಂತೆ. ‘ಕೂತ್ಕೊ ನಾಗು’ ಅಂದರು ಅಪ್ಪ. ಎಲ್ಲಿ ಕೂರಲಿ? ಬೆಂಚಿನ ಮೇಲೆ ಎರಡು ಮೊಟ್ಟೆ ಬೇರೆ ಇದ್ದವು. ಆದರೂ ಇಂಜಿನ್ನು ಚೆನ್ನಾಗಿದೆ, ತೊಳೆದರೆ ವಾಸನೆ ಹೋಗುತ್ತದೆ ಅಂದರು ಬಷೀರ್ ಸಾಬರು. ಅಪ್ಪ ಗಾಡಿಯ ಸುತ್ತ ಎರಡು ಗಂಟೆ ಹೊತ್ತು ಬಡಿಯುತ್ತಾ ತಿರುಗಿ ಇಪ್ಪತ್ತಮೂರು ಕಡೆ ಬಳಪದ ಕತ್ತರಿ ಹಾಕಿದರು. ಊಟ ಮುಗಿಸಿ ಹೊರಗೆ ಬಂದ ತೋಟದ ಯಜಮಾನರು ಮೈತುಂಬಾ ಕತ್ತರಿ ಹೊತ್ತು ನಿಂತ ತಮ್ಮ ಗಾಡಿ ನೋಡಿ, ‘ಇದೇನ್ ಗಾಡಿ ನೋಡಾಕ್ ಬಂದ್ರಾ, ಕುರಿ ಲೆಕ್ಕ ಆಕಾಕ್ ಬಂದ್ರಾ?’ ಅಂತ ರೇಗಿದರು. ನಾವು ಬೇಲಿ ದಾಟಿ ಬಂದೆವು.

ಯಲಹಂಕದಾಚೆ ಮಿಲಿಟರಿಯಿಂದ ನಿವೃತ್ತರಾದವರ ಗಾಡಿ ಇನ್ನೊಂದು. ಅದರ ಡಬ್ಬಕ್ಕೆ ಮರದ ಚೌಕಟ್ಟು. ದೂರದಿಂದ ನೋಡಿದರೆ ಅಜ್ಜಿಯ ಕಾಲದ ಬೀರುವಿನ ಹಾಗೆ ಗಂಭೀರವಾಗಿತ್ತು. ಅಪ್ಪ ಟಕ್ ಅಂತ ಬಡಿದರು. ಬೆರಳು ಒಳಕ್ಕೆ ಹೋಯಿತು. ಗೆದ್ದಲು! ಮೋಟಾರಿಗೆ ಗೆದ್ದಲು ಹಿಡಿದದ್ದನ್ನು ನೀವು ಕೇಳಿದ್ದೀರಾ? ನಾನು ಕಣ್ಣಾರೆ ನೋಡಿದ್ದೇನೆ. ಅಪ್ಪನ ಮುಖದಲ್ಲಿ ಆವತ್ತು ಬಂದ ಕಳೆ ನಾನು ಮರೆಯುವ ಹಾಗಿಲ್ಲ. ಗೆದ್ದಲು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯರು ಇನ್ನೊಬ್ಬರಿರಲಾರರು.

ಆ ಜೂನೂ ಹೋಯಿತು. ಸುಶೀಲ ಅಷ್ಟು ಹೊತ್ತಿಗೆ ಕುಪ್ಪಸ ಹೊಲಿಯುವುದರಲ್ಲಿ ಊರಿಗೇ ಹೆಸರಾಗಿದ್ದಳು. ಹೊಲಿಯುತ್ತಾ ಕೂತವಳು ನನ್ನ ಪುಸ್ತಕವನ್ನು ಮೆಷಿನ್ನಿನ ಪಕ್ಕ ತೆರೆದಿಟ್ಟು ಓದುತ್ತಿದ್ದಳು. ಅಪ್ಪ ಬಂದರೆ ಅದರ ಮೇಲೆ ಬಟ್ಟೆ ಎಳೆಯುತ್ತಿದ್ದಳು. ‘ನಮ್ಮಪ್ಪ ನಿಮ್ಮನ್ನ ನೋಡಿ ಒಪ್ಪೋಕೆ ಅರ್ಧ ದಿನ ತಗೊಂಡಿಲ್ಲ. ನೀವು ಒಂದು ಡಬ್ಬ ನೋಡೋಕೆ ಎರಡು ವರ್ಸ ತಗೊಂಡ್ರಿ’ ಅಂತ ಅಮ್ಮ ಬಡಿಸುವಾಗಲೆಲ್ಲ ಅನ್ನುತ್ತಿದ್ದಳು. ಅಪ್ಪ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು.

ಮೂರನೇ ವರ್ಷ ನಾನೂ ಎಂಟನೇ ಕ್ಲಾಸು ಮುಗಿಸಿದೆ. ಪಕ್ಕದ ಮನೆ ಪುಟ್ಟಲಕ್ಷ್ಮಿಯೂ ಮುಗಿಸಿದಳು. ‘ನಿಮ್ಮ ಗಾಡೀಲಿ ನಮ್ಮುಡುಗೀನೂ ಕಳಿಸ್ತೀವಿ’ ಅಂತ ಅವರಮ್ಮ ಬಂದು ಹೇಳಿಹೋದರು. ಮಲ್ಲೇಶ್ವರದ ಹೈಸ್ಕೂಲು ಶುರುವಾಗಿ ಎರಡು ವಾರವಾಯಿತು. ಗಾಡಿ ಇಲ್ಲ. ಸೇರಿಸಿಕೊಳ್ಳುವ ಗಡುವು ಮುಗಿಯಲಿಕ್ಕೆ ಇನ್ನು ನಾಲ್ಕೈದು ದಿನ ಇರುವಾಗ, ಬಷೀರ್ ಸಾಬರು ಸೈಕಲ್ಲು ತುಳಿದುಕೊಂಡು ಬಂದರು.

‘ಸಾರ್, ಯಲಹಂಕದಲ್ಲಿ ಡಾಕ್ಟರದು ಒಂದು ಗಾಡಿ ಇದೆ. ನಾನೇ ಹತ್ತು ವರ್ಷದಿಂದ ರಿಪೇರಿ ಮಾಡೋದು. ಅದರಲ್ಲಿ ನೀವು ತಪ್ಪು ಹುಡುಕಿ ತೆಗೆದ್ರೆ ನಾನು ಸ್ಪ್ಯಾನರ್ ಬಿಟ್ಟು ಕಡ್ಲೇಕಾಯಿ ಮಾರ್ತೀನಿ.’

ಭಾನುವಾರ ಮೂವರೂ ಯಶವಂತಪುರದಿಂದ ಯಲಹಂಕಕ್ಕೆ ರೈಲಿನಲ್ಲಿ ಹೋದೆವು. ಡಾಕ್ಟರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿದೆ, ಇನ್ನು ಓಡಿಸುವುದಿಲ್ಲ ಅಂದರು. ಅಂಗಳದ ಪರಂಗಿ ಮರದ ಪಕ್ಕ ಗಾಡಿ ನಿಂತಿತ್ತು. ಬೂದಿ ಬಣ್ಣ. ಪುಟ್ಟದು, ಚೌಕ, ಒರೆಸಿ ಇಟ್ಟ ಟ್ರಂಕಿನ ಹಾಗೆ. ಹಿಂದೆ ಹತ್ತಿ ಕೂತೆ. ಬೆಂಚಿಗೆ ಮೆತ್ತೆ, ಕಿಟಕಿಗೆ ಸರಿಯುವ ಗಾಜು. ಕಾಲು ಚಾಚಿದರೂ ಎದುರಿನ ಬೆಂಚು ತಾಗದು. ಅಲ್ಲೇ ಕೂತು ಸುಶೀಲ, ಪುಟ್ಟಲಕ್ಷ್ಮಿ ಎಲ್ಲರನ್ನೂ ಜಾಗ ನೋಡಿ ಕೂರಿಸಿಬಿಟ್ಟೆ.

ಅಪ್ಪ ಬಡಿದರು. ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡಿದರು. ಬಾಗಿಲು ನಲವತ್ತು ಸಲ ತೆಗೆದು ಹಾಕಿದರು. ಟೈರಿನ ಗೀಟುಗಳಲ್ಲಿ ಉಗುರಿಟ್ಟು ಆಳ ನೋಡಿದರು. ಮಧ್ಯಾಹ್ನ ಊಟದ ಹೊತ್ತಾಯಿತು, ಡಾಕ್ಟರ ಹೆಂಡತಿ ನಮಗೆಲ್ಲ ಚಿತ್ರಾನ್ನ ಕೊಟ್ಟರು, ತಿಂದು ಮತ್ತೆ ಬಡಿದರು. ಬಳಪ ಕೈಯಲ್ಲೇ ಇತ್ತು. ಒಂದೇ ಒಂದು ಕತ್ತರಿ ಹಾಕುವ ಜಾಗ ಸಿಗಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಅಪ್ಪನ ಮುಖ ನೋಡಿದರೆ, ಸಾವಿನ ಮನೆಯಿಂದ ಬಂದವರ ಹಾಗಿತ್ತು.

‘ಬಣ್ಣ ಸ್ವಲ್ಪ ಮಂಕು’ ಅಂದರು ಕೊನೆಗೆ.

‘ಅಪ್ಪಾ!’ ಅಂತ ನಾನು ಒಳಗಿಂದಲೇ ಕಿರುಚಿದೆ.

ಡಾಕ್ಟರು ನಕ್ಕು ಬೀಗದ ಕೈ ಚಾಚಿದರು. ‘ಮಿಲಿಟರಿ ಲಾರಿ ಓಡಿಸಿದೋರಂತೆ ನೀವು, ಬಷೀರ್ ಹೇಳಿದ. ಒಂದು ಸುತ್ತು ಹೋಗಿ ಬನ್ನಿ, ಎಲ್ಲಾ ಗೊತ್ತಾಗುತ್ತೆ.’

ಅಪ್ಪ ಬೀಗದ ಕೈ ತಗೊಂಡರು. ಕೂತರು. ಅವರ ಕುತ್ತಿಗೆಯ ಹಿಂಭಾಗ ಬೆವರುತ್ತಿದ್ದದ್ದು ನನಗೆ ಹಿಂದಿನ ಬೆಂಚಿನಿಂದ ಕಾಣುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಇಂಜಿನ್ನು ಗುರ್ ಅಂದಿತು, ಗಾಡಿ ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿತು, ಎರಡನೇ ಸಲ ಕುಪ್ಪಳಿಸಿ ನೆಟ್ಟಗೆ ಹೋಗಿ ಪರಂಗಿ ಮರಕ್ಕೆ ಗುದ್ದಿ ನಿಂತಿತು. ಪರಂಗಿ ಮರ ಎಷ್ಟೆಂದರೂ ಮೆತ್ತಗಿನ ಮರ; ನಿಧಾನವಾಗಿ, ಯಾರಿಗೂ ನೋವಾಗದ ಹಾಗೆ ಗಾಡಿಯ ಮೇಲೆ ಒರಗಿತು. ನಾಲ್ಕು ಕಾಯಿ ದಬ ದಬ ಅಂತ ತಗಡಿನ ಮೇಲೆ ಬಿದ್ದವು.

ಬಷೀರ್ ಸಾಬರು ಬಾಗಿಲು ತೆಗೆದು ಮೆಲ್ಲಗೆ ಹೇಳಿದರು: ‘ಇಳೀರಿ ಸಾರ್. ನನಗೆ ಹೆಬ್ಬಾಳದಲ್ಲೇ ಡೌಟ್ ಬಂತು. ಎಷ್ಟು ಗಾಡಿ ನೋಡಿದ್ರಿ, ಒಂದರಲ್ಲೂ ನೀವು ಡ್ರೈವರ್ ಸೀಟಲ್ಲಿ ಕೂರಲಿಲ್ಲ.’

ಅಪ್ಪ ಇಳಿದು ಡಾಕ್ಟರ ಮುಂದೆ ಕೈ ಮುಗಿದರು. ‘ನನಗೆ ಓಡಿಸೋಕೆ ಬರಲ್ಲ ಸ್ವಾಮಿ. ಯಾವತ್ತೂ ಬಂದಿಲ್ಲ. ಲಾರಿ ಆಫೀಸಿನಲ್ಲಿ ಚೀಟಿ ಬರೀತಿದ್ದೆ, ಅಷ್ಟೇ.’

ಡಾಕ್ಟರು ಗಾಡಿಯ ಮೂತಿ ಸವರಿ ನೋಡಿದರು. ಸಣ್ಣದೊಂದು ತಗ್ಗು. ‘ಇಷ್ಟು ಜೋಪಾನವಾಗಿ ಇದನ್ನ ಯಾರೂ ನೋಡಿರಲಿಲ್ಲ’ ಅಂದರು. ‘ಕಲಿತು ಬನ್ನಿ. ಅಲ್ಲಿಯವರೆಗೂ ಬೇರೆಯವರಿಗೆ ಕೊಡಲ್ಲ.’ ಅವರ ಹೆಂಡತಿ ಬಿದ್ದ ಪರಂಗಿಕಾಯಿಗಳಲ್ಲಿ ದೊಡ್ಡದನ್ನು ಆರಿಸಿ ಅಪ್ಪನ ಕೈಗೆ ಕೊಟ್ಟರು. ಅವರು ಬೈದಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತೇನೋ.

ವಾಪಸು ರೈಲಿನಲ್ಲಿ ಬಷೀರ್ ಸಾಬರು ಬೀಡಿ ನೆಪ ಮಾಡಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತರು. ಅಪ್ಪ ಪರಂಗಿಕಾಯಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ನನಗೆ ಸಿಟ್ಟು ಎಷ್ಟಿತ್ತೆಂದರೆ ಅಳು ಬರುತ್ತಿತ್ತು.

‘ನಿಮ್ಮಮ್ಮನ ಮನೆಯೋರಿಗೆ ಹೆಣ್ಣು ಕೇಳೋಕೆ ಹೋದೋರು ಹೇಳಿಬಿಟ್ಟಿದ್ರು ಕಣೇ, ಹುಡುಗ ಮಿಲಿಟರಿ ಲಾರಿ ಓಡಿಸ್ತಾನೆ ಅಂತ’ ಅಂದರು ಅಪ್ಪ, ಕಿಟಕಿ ಕಡೆ ನೋಡುತ್ತಾ. ‘ಆಮೇಲೆ ಅವಳು ಎಲ್ರಿಗೂ ಹೇಳ್ತಾ ಹೋದಳು. ಹೇಳುವಾಗ ಅವಳ ಮುಖ ನೋಡ್ಬೇಕಿತ್ತು ನೀನು. ಹೆಂಗೆ ಅಲ್ಲ ಅನ್ನಲಿ?’

‘ಅಕ್ಕನ ಮುಖ ನೋಡಿದ್ರಾ?’ ಅಂದೆ.

ಅಪ್ಪನಿಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಪರಂಗಿಕಾಯಿಯನ್ನು ತೊಡೆಯ ಮೇಲೆ ಒಂದು ಸಲ ತಿರುಗಿಸಿಟ್ಟರು.

ಮನೆಯಲ್ಲಿ ಅಪ್ಪನೇ ಹೇಳಿದರು, ನಿಂತುಕೊಂಡೇ, ಒಂದೂ ಬಿಡದೆ. ಅಮ್ಮ ಮೊದಲು ನಕ್ಕಳು; ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದ್ದಕ್ಕೆ ತನ್ನ ಹಣೆ ತಾನೇ ಚಚ್ಚಿಕೊಂಡಳು. ಆಮೇಲೆ ಅವಳ ಕಣ್ಣು ಮೆಷಿನ್ನಿನ ಕಡೆ ಹೋಯಿತು. ಸುಶೀಲ ಹೊಲಿಯುವುದನ್ನು ನಿಲ್ಲಿಸಿದ್ದಳು. ಅಮ್ಮನ ನಗು ಅಲ್ಲಿಗೇ ಇಂಗಿಹೋಯಿತು. ‘ಎರಡು ವರ್ಸ’ ಅಂದಳು ಅಪ್ಪನಿಗೆ. ‘ಆ ಮಗೀನ ಎರಡು ವರ್ಸ.’

ಸುಶೀಲ ಕೂಗಾಡಲಿಲ್ಲ. ಹೊಲಿಯುತ್ತಿದ್ದ ಕುಪ್ಪಸದ ದಾರ ಹಲ್ಲಿನಲ್ಲಿ ಕಡಿದು, ಮಡಿಸಿಟ್ಟು, ಮೆಷಿನ್ನಿಗೆ ಮುಚ್ಚಳ ಹಾಕಿದಳು. ಮಾರನೇ ದಿನ ಬೆಳಿಗ್ಗೆ ಲಂಗ ದಾವಣಿ ಉಟ್ಟು, ಎರಡು ಜಡೆ ಹಾಕಿಕೊಂಡು, ನನ್ನ ಒಂದು ಕೈ, ಪುಟ್ಟಲಕ್ಷ್ಮಿಯ ಒಂದು ಕೈ ಹಿಡಿದು ಹೊರಟೇಬಿಟ್ಟಳು. ಅಮ್ಮ ಬಾಗಿಲವರೆಗೆ ಬಂದಳು. ಅಪ್ಪ ಜಗಲಿಯ ಮೇಲೆ ಕೂತಿದ್ದರು, ತಡೆಯಲಿಲ್ಲ. ಮೂವರೂ ಹೊಲದ ಬದು ಹಿಡಿದು, ರೈಲ್ವೆ ಗೇಟು ದಾಟಿ, ಮುಕ್ಕಾಲು ಗಂಟೆಯಲ್ಲಿ ಮಲ್ಲೇಶ್ವರದಲ್ಲಿದ್ದೆವು. ಮುಕ್ಕಾಲೇ ಗಂಟೆ! ದಾರಿಯಲ್ಲಿ ನಮಗೆ ಎದುರಾದದ್ದು ಒಂದು ಎಮ್ಮೆ, ಮೊಸರು ಮಾರುವ ಇಬ್ಬರು ಹೆಂಗಸರು. ಇದಕ್ಕೆ ಮೂರು ವರ್ಷ ಗಾಡಿ ನೋಡಿದ್ದೆವು ನಾವು.

ಹೆಡ್‌ಮಿಸ್ಟ್ರೆಸ್ಸು ಸುಶೀಲನ ಎಂಟನೇ ಕ್ಲಾಸಿನ ಸರ್ಟಿಫಿಕೇಟು ನೋಡಿದರು, ಅವಳನ್ನು ನೋಡಿದರು. ‘ಇಷ್ಟು ದಿನ ಏನ್ ಮಾಡ್ತಿದ್ದೆ?’ ಅಂದರು.

‘ಕಾಯ್ತಿದ್ದೆ ಮೇಡಂ’ ಅಂದಳು ಸುಶೀಲ.

ನಾವು ಮೂವರೂ ಒಂದೇ ಕ್ಲಾಸಿಗೆ ಸೇರಿದೆವು. ಸುಶೀಲ ಉಳಿದವರಿಗಿಂತ ಒಂದು ಗೇಣು ಎತ್ತರ, ಹಿಂದಿನ ಬೆಂಚಿನಲ್ಲಿ ಕೂತಳು. ನಾವು ನಡೆದು ಹೋಗುವುದನ್ನು ನೋಡಿ ಬೇರೆ ಮನೆಗಳವರೂ ಕಳಿಸತೊಡಗಿದರು. ಗಡುವು ಮೀರಿದ್ದರೂ ಹೆಡ್‌ಮಿಸ್ಟ್ರೆಸ್ಸು ಬೇಡ ಅನ್ನಲಿಲ್ಲ; ಎರಡೇ ತಿಂಗಳಲ್ಲಿ ಒಂಬತ್ತು ಜನರಾದೆವು. ಎಲ್ಲರಿಗೂ ಮುಂದೆ ಸುಶೀಲ. ಅಪ್ಪನ ಜೊತೆ ಮಾತ್ರ ಅವಳು ಒಂದೇ ಒಂದು ಮಾತಾಡಲಿಲ್ಲ. ನೀರು ಕೇಳಿದರೆ ತಂದಿಡುವಳು, ಊಟಕ್ಕೆ ಬಡಿಸುವಳು, ಮಾತಿಲ್ಲ. ಜಗಳವಾಡಿದರೆ ತೀರುತ್ತದಲ್ಲ ಮಾರಾಯ್ತಿ, ಆಡಿಬಿಡು ಅಂತ ನಾನೇ ಎಷ್ಟೋ ಸಲ ಗೋಗರೆದೆ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ನನಗೇ ಸಾಕಾಗಿಹೋಗಿತ್ತು.

ಅಪ್ಪ ಬೆಳಿಗ್ಗೆ ಎದ್ದು ಬಷೀರ್ ಸಾಬರ ಹತ್ತಿರ ಗಾಡಿ ಕಲಿಯಲು ಹೋಗುತ್ತಿದ್ದರು. ಕೆರೆಯಂಗಳದಲ್ಲಿ ಯಾರದೋ ಲಡಾಸು ಕಾರು ಕುಪ್ಪಳಿಸುತ್ತಾ ಹೋಗುವುದು, ಬಷೀರ್ ಸಾಬರು ‘ಕ್ಲಚ್ಚು ಸಾರ್, ಕ್ಲಚ್ಚು!’ ಅಂತ ಅದರ ಹಿಂದೆ ಓಡುವುದು ನಮ್ಮ ದಾರಿಯಿಂದಲೇ ಕಾಣುತ್ತಿತ್ತು. ಹುಡುಗಿಯರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸುಶೀಲ ಆ ಕಡೆ ತಿರುಗಿಯೂ ನೋಡದೆ ನಡೆಯುತ್ತಿದ್ದಳು. ರಾತ್ರಿ ಉಣ್ಣುವಾಗ ಅಪ್ಪ ಅವತ್ತಿನ ಪಾಠವನ್ನು ಅಮ್ಮನಿಗೆ ಒಪ್ಪಿಸಿದರೆ, ಕಿವಿಗೆ ಬಿದ್ದರೂ ಬೀಳದ ಹಾಗೆ ಬಡಿಸುತ್ತಿದ್ದಳು.

ದಸರಾ ಕಳೆದ ಮೇಲೆ ಒಂದು ಭಾನುವಾರ ಡಾಕ್ಟರ ಗಾಡಿ ನಮ್ಮ ಮನೆ ಮುಂದೆ ಬಂದು ನಿಂತಿತು. ಅಮ್ಮ ಕುಂಕುಮ ಹಚ್ಚಿದಳು. ಸೋಮವಾರ ಬೆಳಿಗ್ಗೆ ಅಪ್ಪ ಇಂಜಿನ್ನು ಚಾಲೂ ಮಾಡಿ, ಯಾರ ಮುಖವನ್ನೂ ನೋಡದೆ, ‘ಯಾರಾದ್ರೂ ಬರ್ತೀರಾ?’ ಅಂದರು. ಸುಶೀಲ ನಡೆದುಬಿಟ್ಟಳು. ಅವಳು ಹತ್ತದ ಗಾಡಿಗೆ ನಾವು ಹೇಗೆ ಹತ್ತುವುದು? ಒಬ್ಬೊಬ್ಬರೂ ಹಿಂದೆ ತಿರುಗಿ ನೋಡುತ್ತಾ ಅವಳ ಬೆನ್ನು ಹಿಡಿದೆವು. ಮಂಗಳವಾರವೂ ಅಷ್ಟೇ. ಬುಧವಾರವೂ ಅಷ್ಟೇ. ಪುಟ್ಟಲಕ್ಷ್ಮಿಗಂತೂ ಹೊಟ್ಟೆ ಉರಿದುಹೋಗುತ್ತಿತ್ತು.

ಶುಕ್ರವಾರ ನಾವು ರೈಲ್ವೆ ಗೇಟು ಮುಟ್ಟುವ ಹೊತ್ತಿಗೆ ಮಳೆ ಹಿಡಿಯಿತು. ಒಂಬತ್ತು ಜನ ಪುಸ್ತಕಗಳನ್ನು ದಾವಣಿಯೊಳಗೆ ಅವಚಿಕೊಂಡು ಹುಣಿಸೆಮರದ ಕೆಳಗೆ ನಿಂತೆವು. ಮರ ನಮಗಿಂತ ಹೆಚ್ಚು ನೆನೆಯುತ್ತಿತ್ತು. ಬೂದಿ ಬಣ್ಣದ ಗಾಡಿ ಆಮೆಯ ಹಾಗೆ ಬಂದು ಮುಂದೆ ನಿಂತಿತು. ಅಪ್ಪ ಮಳೆಯಲ್ಲೇ ಇಳಿದು ಹಿಂದಕ್ಕೆ ಹೋಗಿ ಬಾಗಿಲು ತೆಗೆದು, ಅದನ್ನು ಹಿಡಿದುಕೊಂಡು ನಿಂತರು. ಅವರ ಕೋಟು ತೊಯ್ದು ತೊಟ್ಟಿಕ್ಕುತ್ತಿತ್ತು.

ಸುಶೀಲ ನಮ್ಮ ಎಂಟು ಜನರ ಕೆಸರಾದ ಕಾಲುಗಳನ್ನು ನೋಡಿದಳು. ‘ಹತ್ರೇ’ ಅಂದಳು ನಮಗೆ.

ಆರು ಜನಕ್ಕೆಂದು ಅಪ್ಪ ಅಳೆದು ಅಳೆದು ಆರಿಸಿದ ಡಬ್ಬದೊಳಗೆ ಎಂಟು ಜನ ಮಡಚಿ ಕೂತೆವು. ಸುಶೀಲ ಮುಂದೆ, ಅಪ್ಪನ ಪಕ್ಕ. ಅಪ್ಪ ಮೂಗು ಗಾಜಿಗೆ ತಾಗುವಷ್ಟು ಮುಂದಕ್ಕೆ ಬಾಗಿ ಓಡಿಸಿದರು. ಮಲ್ಲೇಶ್ವರದವರೆಗೂ ಮುಂದಿನ ಸೀಟಿನಿಂದ ಒಂದು ಮಾತು ಹುಟ್ಟಲಿಲ್ಲ. ಹಿಂದೆ ನಾವೂ ಉಸಿರು ಬಿಗಿಹಿಡಿದಿದ್ದೆವು, ಅರ್ಧ ಹೆದರಿಕೆಗೆ, ಅರ್ಧ ಜಾಗ ಸಾಲದ್ದಕ್ಕೆ.

ಸ್ಕೂಲಿನ ಗೇಟಿನ ಮುಂದೆ ನಿಲ್ಲಿಸಿದ್ದೇ ತಡ, ಕಾವಲುಗಾರರು ಛತ್ರಿ ಹಿಡಿದು ಓಡಿಬಂದರು. ‘ಏನ್ರೀ ಇದು, ಗೇಟಿಗೆ ಅಡ್ಡ! ಗಂಡಸರು ಇಲ್ಲಿ ನಿಲ್ಲೋ ಹಾಗಿಲ್ಲ. ಹಿಂದಕ್ಕೆ ತಗೊಳ್ರಿ, ಹಿಂದಕ್ಕೆ!’

ಅಪ್ಪ ಗೇರಿನ ಕಡ್ಡಿ ಮೇಲೆ ಕೈ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಹಿಂದಿನಿಂದ ಒಂದು ಜಟಕಾದವನು ಬೇರೆ ಕೂಗಲು ಶುರು ಮಾಡಿದ್ದ.

ಸುಶೀಲ ಇಳಿದಳು. ಗಾಡಿಗೂ ಕಾವಲುಗಾರರಿಗೂ ನಡುವೆ ಹೋಗಿ ನಿಂತಳು. ‘ಅವರು ನಮ್ಮಪ್ಪ’ ಅಂದಳು. ‘ಅವರಿಗೆ ರಿವರ್ಸ್ ಇನ್ನೂ ಬರಲ್ಲ. ಬಷೀರ್ ಸಾಬರು ಮುಂದಿನ ವಾರ ಹೇಳಿಕೊಡ್ತಾರೆ. ಗೇಟು ಪೂರ್ತಿ ತೆಗೀರಿ, ಒಳಗೆ ಒಂದು ಸುತ್ತು ಹಾಕ್ಕೊಂಡು ಹೊರಗೆ ಬರ್ತಾರೆ.’

ಕಾವಲುಗಾರರು ಗೇಟು ತೆಗೆದರು. ಹೆಣ್ಣುಮಕ್ಕಳ ಹೈಸ್ಕೂಲಿನ ಅಂಗಳದಲ್ಲಿ, ಕಿಟಕಿ ಕಿಟಕಿಯಲ್ಲೂ ಹುಡುಗಿಯರು ಇಣುಕುತ್ತಿರುವಾಗ, ನಮ್ಮಪ್ಪ ಬಾವುಟದ ಕಂಬಕ್ಕೆ ಒಂದು ದೊಡ್ಡ ಪ್ರದಕ್ಷಿಣೆ ಹಾಕಿ ವಾಪಸು ಬಂದರು. ಸುಶೀಲ ಮಳೆಯಲ್ಲೇ ನಿಂತಿದ್ದಳು. ಗಾಡಿ ಅವಳ ಪಕ್ಕ ಬಂದಾಗ ಬಗ್ಗಿ ಕಿಟಕಿಯೊಳಗೆ, ‘ನಾಲ್ಕೂವರೆಗೆ ಬಿಡ್ತಾರೆ’ ಅಂದಳು.

ಅಪ್ಪ ತಲೆ ಆಡಿಸಿದರು. ಅವತ್ತು ಅರ್ಧ ದಿನ ರಜೆ ಹಾಕಿ ಮೂರೂವರೆಗೇ ಬಂದು ಕಾಯುತ್ತಿದ್ದರು, ಬೀದಿಯ ಅಂಚಿಗೆ ಅಚ್ಚುಕಟ್ಟಾಗಿ, ಗಾಡಿಯ ಮೂತಿಯನ್ನು ಆಗಲೇ ಮನೆಯ ಕಡೆಗೆ ತಿರುಗಿಸಿಕೊಂಡು.